ಕರೆದರೂ ಬಾರದ ಕೂಸು

ಹಿರೇಗುಡ್ಡದ ಪಾಳೆಯಗಾರ ಕಾಟಪ್ಪನಾಯಕನಿಗೆ ಎಲ್ಲದಕ್ಕೂ ಅವಸರ. ಬಿಸಿ ಮುದ್ದೆ ನುಂಗಿ ಬಾಯಿ ಸುಟ್ಟುಕೊಂಡು ಅಡುಗೆಯವರನ್ನು ಬೈಯುತ್ತಿದ್ದ. ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ ನೋವು ಶುರುವಾಯಿತು. ಸಂಜೆಯೊಳಗೆ ಹುಟ್ಟಿದರೆ ಕೂಸಿಗೆ ರಾಜಯೋಗ ಎಂದರು ಜೋಯಿಸರು.

ನಾಯಕ ಸೂಲಗಿತ್ತಿ ಬೋರಕ್ಕನನ್ನು ಕರೆಸಿ ಗುಡುಗಿದ. “ಹೊತ್ತು ಮುಳುಗೋದರೊಳಗೆ ಕೂಸು ಬರಬೇಕು. ಹೊಟ್ಟೆ ಒತ್ತಿಯೋ, ಕಷಾಯ ಕುಡಿಸಿಯೋ, ಏನಾದರೂ ಮಾಡು. ಇಲ್ಲದಿದ್ದರೆ ಊರು ಬಿಡು.”

ಹಾಗೆ ಮಾಡಿದರೆ ತಾಯಿ ಉಳಿಯುವುದು ಕಷ್ಟ. ಹೇಳಿದರೆ ನಾಯಕ ಕೇಳುವವನಲ್ಲ. ಬೋರಕ್ಕ ಕೈಮುಗಿದಳು.

“ಬುದ್ಧಿ, ನಾಯಕರ ಮನೆ ಕೂಸು ನನ್ನಂಥವಳ ಮಾತು ಕೇಳೀತಾ? ತಾವೇ ಬಾಗಿಲ ಹೊರಗೆ ನಿಂತು ಅಪ್ಪಣೆ ಕೊಡಿ. ನಾನು ಒಳಗೆ ಕಾದಿರ್ತೀನಿ.”

ನಾಯಕ ಹಿಗ್ಗಿದ. ಮುಚ್ಚಿದ ಬಾಗಿಲ ಮುಂದೆ ನಿಂತು “ಬಾ!” ಎಂದು ಅಬ್ಬರಿಸಿದ. ಆಮೇಲೆ ಗದರಿಸಿದ. ಕೊನೆಗೆ “ಬಾರೋ ನನ್ನಪ್ಪಾ” ಎಂದು ಗೋಗರೆದ. ಗಂಟಲು ಕಟ್ಟಿತು.

ಒಳಗೆ ಬೋರಕ್ಕ ನಾಯಕನ ಮಗಳ ಸೊಂಟ ನೀವುತ್ತ, “ಅವಸರ ನಿಮ್ಮಪ್ಪನಿಗೆ ತಾಯಿ, ನಮಗಲ್ಲ” ಎಂದಳು. ನೋವಿನಲ್ಲೂ ಹುಡುಗಿ ನಕ್ಕಳು.

ಹೊತ್ತು ಮುಳುಗಿತು. ದೀಪ ಹಚ್ಚಿದ ಮೇಲೆ ಹೆಣ್ಣು ಕೂಸು ಹುಟ್ಟಿತು. ತಾಯಿಯೂ ಕ್ಷೇಮವಾಗಿದ್ದಳು.

“ರಾಜಯೋಗ ತಪ್ಪಿಹೋಯಿತಲ್ಲೇ!” ಎಂದು ನಾಯಕ ಕೆರಳಿದ.

ಬೋರಕ್ಕ ಕೂಸನ್ನು ಅವನ ಕೈಗಿಟ್ಟಳು. “ಎಲ್ಲಿ ತಪ್ಪಿತು ಬುದ್ಧಿ? ಕರೆದ ಕೂಡಲೇ ಓಡಿ ಬರೋರು ನಮ್ಮಂಥ ಆಳುಗಳು. ನಾಯಕರನ್ನೇ ಬಾಗಿಲಲ್ಲಿ ಕಾಯಿಸಿ, ತನಗೆ ಬೇಕಾದಾಗ ಬಂದವಳು ದೊರೆಸಾನಿ ಅಲ್ಲವಾ?”

ನಾಯಕ ಕೂಸಿನ ಮುಖವನ್ನೇ ನೋಡಿದ. ಅದು ಆಕಳಿಸಿ ಕಣ್ಣು ಮುಚ್ಚಿತು.

“ಮೆಲ್ಲಗೆ ಮಾತಾಡು ಬೋರಕ್ಕ,” ಎಂದು ಅವನು ಪಿಸುಗುಟ್ಟಿದ. “ದೊರೆಸಾನಿಯವರು ಮಲಗಿದ್ದಾರೆ.”