ಅಳಿಲು ಕೊಂಡ ಆಟ

ಸುಗ್ಗಿಯುದ್ದಕ್ಕೂ ಕೂಡಿಟ್ಟ ಕಡಲೆಕಾಯಿಯ ಮೂಟೆ ಹೊತ್ತು ಅಳಿಲೊಂದು ವಿಡಿಯೋ ಗೇಮ್ ಕೊಳ್ಳಲು ಕರಡಿಯ ಅಂಗಡಿಗೆ ಬಂತು. ಅಷ್ಟು ಕಡಲೆಕಾಯಿಗೆ ಒಂದೇ ಆಟ ಬರುತ್ತಿತ್ತು.

ಬಾಗಿಲ ಮೇಲೆ ಕೂತಿದ್ದ ಗಿಳಿ ಥಳಥಳಿಸುವ ಹೊಸ ಡಬ್ಬಿಯೊಂದನ್ನು ತೋರಿಸಿ, “ಇದನ್ನೇ ತಗೋ. ಇಂಥ ಆಟ ಹಿಂದೆ ಬಂದಿಲ್ಲ, ಮುಂದೆ ಬರುವುದೂ ಇಲ್ಲ!” ಎಂದಿತು.

“ನೀನು ಆಡಿದ್ದೀಯಾ, ಗಿಳಿಯಕ್ಕ?”

“ಇಲ್ಲ. ಎಲ್ಲರೂ ಹಾಗೆ ಹೇಳುತ್ತಿದ್ದಾರೆ.”

ಅಳಿಲು ಮೂಟೆಯನ್ನು ಕೆಳಗಿಳಿಸಲಿಲ್ಲ. ಅಷ್ಟರಲ್ಲಿ ಮೂಲೆಯಿಂದ ನಗು ಕೇಳಿಸಿತು. ಅಲ್ಲಿ ಮುದಿ ಆಮೆಯೊಂದು ಹಳೆಯ ಓಟದ ಆಟ ಆಡುತ್ತಾ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

“ಗೆದ್ದಿರಾ, ಅಜ್ಜ?” ಎಂದು ಅಳಿಲು ಕೇಳಿತು.

“ಎಲ್ಲಿಯ ಗೆಲುವು! ಬೆಳಗಿನಿಂದ ಸೋಲುತ್ತಲೇ ಇದ್ದೇನೆ. ಆದರೂ ಏಳಲು ಮನಸ್ಸೇ ಬರುತ್ತಿಲ್ಲ. ಬಾ, ಕೂರು. ಇದನ್ನು ಇಬ್ಬರು ಆಡಬಹುದು.”

ಅಳಿಲು ಕೂತಿತು. ಇಬ್ಬರೂ ಆಟದ ಹಳ್ಳಕ್ಕೆ ಬಿದ್ದರು, ಎದ್ದರು, ಒಬ್ಬರನ್ನೊಬ್ಬರು ರೇಗಿಸಿ ನಕ್ಕರು. ಕೊನೆಗೆ ಅಳಿಲು ಮೂಟೆಯನ್ನು ಕರಡಿಯ ಮುಂದಿಟ್ಟು, “ಈ ಆಟವನ್ನೇ ಕೊಡಿ” ಎಂದಿತು. ಆಮೆಯತ್ತ ತಿರುಗಿ, “ಅಜ್ಜ, ಆಡಲು ನಮ್ಮ ಮರದ ಬುಡಕ್ಕೆ ಬನ್ನಿ” ಎಂದು ಕರೆಯಿತು.

“ನಾನು ತಲುಪುವಷ್ಟರಲ್ಲಿ ಸಂಜೆಯಾಗುತ್ತದೆ, ಮಗು.”

“ನಿಧಾನವಾಗಿಯೇ ಬನ್ನಿ. ಅಲ್ಲಿಯವರೆಗೆ ನಾನೊಬ್ಬಳೇ ಸೋಲುತ್ತಿರುತ್ತೇನೆ!”