ದಡಾರ ಎರಡನೇ ಸಲ ಯಾಕೆ ಏಳೋದಿಲ್ಲ

ಭೂಮಿ ಇನ್ನೂ ಹಸಿಹಸಿ ಇತ್ತು. ಬೆಟ್ಟಗಳಿಗೆ ಹೆಸರಿಟ್ಟಿರಲಿಲ್ಲ, ಕತ್ತೆಗೆ ಒದೆಯೋದು ಗೊತ್ತಿರಲಿಲ್ಲ. ಆಗ ದುರುಗಿ ಅನ್ನೋ ಹುಡುಗಿಯ ಮೈಯೊಳಗೆ, ನೆತ್ತರ ಹೊಳೆಯ ದಂಡೆ ಮೇಲೆ, ಕಾಳವ್ವ ಇದ್ದಳು. ಮೈ ಕಾಯೋ ಮುದುಕಿ, ಮನೆ ತುಂಬ ಹೊಟ್ಟೆಬಾಕ ಮಕ್ಕಳು. ಹಾಲಿನಷ್ಟು ಬೆಳ್ಳಗಿದ್ದಳು, ಕಾಳವ್ವ ಯಾಕೆ ಅಂತ ಹೆಸರಿಟ್ಟವರನ್ನೇ ಕೇಳಬೇಕು.

ಕಾಳವ್ವನ ಮನೆಯಲ್ಲಿ ಒಂದು ಪದ್ಧತಿ. ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅವರು ತಿಂದು ಮುಗಿಸೋ ತನಕ ಊರು, ಹೆಸರು ಕೇಳೋ ಹಾಗಿಲ್ಲ.

ಒಂದು ದಿನ ಗಾಳಿಯ ಬೆನ್ನೇರಿ ದುರುಗಿಯ ಮೂಗಿನೊಳಗೆ ದಡಾರ ಬಂದ. ಸಾಸಿವೆಗಿಂತ ಸಣ್ಣವ, ನೆತ್ತಿ ಮೇಲೆ ಮೂರು ಸುತ್ತಿನ ಜುಟ್ಟು.

"ದಾರಿ ನಡೆದು ಸಾಕಾಗೇತವ್ವಾ," ಅಂದ.

"ಕುಂದರಪ್ಪಾ," ಅಂದಳು ಕಾಳವ್ವ. "ಬೆಲ್ಲ ತಿನ್ನು."

ಅವನು ತಿಂದ, ಇಬ್ಬರಾದ. ಇಬ್ಬರೂ ತಿಂದರು, ನಾಲ್ವರಾದರು. ಕಾಳವ್ವ ಬೆಲ್ಲ ತರೋದೂ ನಿಲ್ಲಲಿಲ್ಲ, ಅವರು ಹೆಚ್ಚೋದೂ ನಿಲ್ಲಲಿಲ್ಲ. ಯಾರೂ ತಿಂದು ಮುಗಿಸಲೇ ಇಲ್ಲ, ಹೆಸರು ಕೇಳೋ ಹೊತ್ತೂ ಬರಲಿಲ್ಲ.

ಹೊಳೆ ನಕ್ಕಿತು. "ಏನ ಕಾಳವ್ವ, ನೆಂಟರು ನಿನ್ನ ಅಡುಗೆಮನ್ಯಾಗ ಸಂಸಾರ ಹೂಡ್ಯಾರಲ್ಲ. ತೊಟ್ಟಿಲಾನೂ ಕೊಡ್ತೀಯೇನು?" ಆಮೇಲೆ ನಗು ನಿಲ್ಲಿಸಿತು. "ಹುಡುಗಿ ಕಣ್ಣು ತೆಗೀವಲ್ಲಳು. ಆಕಿ ಹೋದರ ನಾನೂ ಇಲ್ಲ, ನೀನೂ ಇಲ್ಲ."

ಕಾಳವ್ವ ಸೆರಗು ಸಿಕ್ಕಿಸಿದಳು. ಅವರ ಮುಂದಿನ ಬೆಲ್ಲದ ತಟ್ಟೆ ಎಳೆದಳು. ಒಲೆ ಹೊತ್ತಿಸಿದಳು. ದುರುಗಿಯ ಮೈ ಹಂಚಿನ ಹಾಗೆ ಕಾದಿತು, ದಡಾರನಿಗೆ ಸೆಕೆ ತಡೆಯೋಕಾಗಲಿಲ್ಲ. ಆಮೇಲೆ ಹಗ್ಗ ಹೊಸೆದು ಕುಣಿಕೆ ಮಾಡಿ ಅವನ ಜುಟ್ಟಿಗೆ ಎಸೆದಳು. ದೊಡ್ಡದಾಯಿತು, ಜಾರಿತು. ಇನ್ನೊಂದು ಹೊಸೆದಳು. ಸಣ್ಣದಾಯಿತು, ಇಳಿಯಲೇ ಇಲ್ಲ.

"ಏ ಮುದುಕಿ, ಬೆಲ್ಲ ಎಲ್ಲಿ?" ಅಂತ ದಡಾರ ಅಣಕಿಸಿದ.

"ತಡೀಯಪ್ಪಾ, ನಿನ್ನ ಜುಟ್ಟಿನ ಅಳತಿ ತಗೊಳ್ಳಾಕತ್ತೀನಿ."

ಏಳನೇ ದಿನ ಕುಣಿಕೆ ಮೂರು ಸುತ್ತಿಗೂ ಸರಿಯಾಗಿ ಕೂತಿತು. ಕೂತದ್ದೇ ತಡ, ಅದೇ ಅಳತೆಯಲ್ಲಿ ಸಾವಿರ ಹೊಸೆದಳು. ಜುಟ್ಟು ಸಿಕ್ಕಿಸಿಕೊಂಡವರನ್ನೆಲ್ಲ ಕಾಳವ್ವನ ಮಕ್ಕಳು ಗುಳುಂ ಅಂತ ನುಂಗಿದರು. ದುರುಗಿ ಕಣ್ಣು ಬಿಟ್ಟು ಗಂಜಿ ಕೇಳಿದಳು.

ಮರುವರ್ಷ ದಡಾರ ಮತ್ತೆ ಬಂದ. ಕಾಳವ್ವ ಅಳತೆ ಮರೆತಿರಲಿಲ್ಲ. ಹೊಸ್ತಿಲು ದಾಟೋ ಮೊದಲೇ ಜುಟ್ಟಿಗೆ ಕುಣಿಕೆ ಬಿತ್ತು. ದುರುಗಿಗೆ ಒಂದು ಸೀನೂ ಬರಲಿಲ್ಲ.

ಅದಕ್ಕೇ ನೋಡು, ಒಮ್ಮೆ ದಡಾರ ಎದ್ದವರಿಗೆ ಮತ್ತೆ ಏಳೋದಿಲ್ಲ. ಇನ್ನು ಅಂಗನವಾಡಿಯಲ್ಲಿ ಹಾಕೋ ದಡಾರದ ಸೂಜಿ? ಅದರಲ್ಲಿರೋದು ಸೊರಗಿದ ದಡಾರ, ಜುಟ್ಟು ಮಾತ್ರ ನೆಟ್ಟಗೆ. ಸೂಜಿ ಹಾಕಿಸಿಕೊಂಡು ಬಂದ ಪಾಪುವಿನ ಮೈ ಬೆಚ್ಚಗಾದರೆ, ಒಳಗೆ ಕಾಳವ್ವ ಒಲೆ ಹೊತ್ತಿಸಿ ಅಳತೆ ತೆಗೀತಿದ್ದಾಳೆ ಅಂತ ತಿಳಿ.