ಆರು ಟೊಪ್ಪಿ, ಒಂದು ಮೀನು

ಜಪಾನನ್ನು ಇನ್ನೂ ಯಮಾತೊ ಎಂದು ಕರೆಯುತ್ತಿದ್ದ ಕಾಲದಲ್ಲಿ ಅಲ್ಲಿನ ರಾಜನಿಗೆ ಹಿರೋಮಾರೊ ಎಂಬ ಮಂತ್ರಿಯಿದ್ದ. ಚೀನಾದಿಂದ ಹಡಗು ಬಂತೆಂದರೆ ಉಳಿದವರು ರೇಷ್ಮೆ ನೋಡಲು ಓಡುತ್ತಿದ್ದರು, ಇವನು ಗ್ರಂಥ ನೋಡಲು ಓಡುತ್ತಿದ್ದ. ಓದಿದ್ದು ಅರಗುವ ಮೊದಲೇ ಅದನ್ನು ಕಾನೂನು ಮಾಡಿಬಿಡುವುದು ಅವನ ಚಾಳಿ.

ಒಂದು ದಿನ ಅವನು ಆಸ್ಥಾನದಲ್ಲಿ ಎದೆಯುಬ್ಬಿಸಿ ಹೇಳಿದ: "ಪ್ರಭು, ಚೀನಾದ ಶಿಸ್ತನ್ನೂ ಬುದ್ಧನ ಕರುಣೆಯನ್ನೂ ಸೇರಿಸಿ ಹೊಸ ಕಾನೂನು ಬರೆದಿದ್ದೇನೆ. ಇದರಲ್ಲಿ ತಪ್ಪು ಹುಡುಕುವವನು ಇನ್ನು ಹುಟ್ಟಬೇಕಷ್ಟೆ."

ಶಿಸ್ತು ಎಂದರೆ ಟೊಪ್ಪಿ. ಆರು ಮಂದಿ ಅಧಿಕಾರಿಗಳಿಗೆ ಒಂದೊಂದು ಸದ್ಗುಣದ ಹೆಸರಿನ ಟೊಪ್ಪಿ. ಎಲ್ಲಕ್ಕಿಂತ ಮೇಲೆ ಧರ್ಮ. ಅದು ಹಿರೋಮಾರೊನ ತಲೆಗೇ ಸರಿಹೋಯಿತು. ಅದರ ಕೆಳಗೆ ಕರುಣೆ, ಮರ್ಯಾದೆ, ಸತ್ಯ, ನ್ಯಾಯ. ಕಟ್ಟಕಡೆಗೆ ತಿಳಿವಳಿಕೆ. ಅದನ್ನು ಇಸಾಹಿ ಎಂಬವನಿಗೆ ಕೊಟ್ಟರು. ಮಂತ್ರಿ ಮಾತಾಡುವಾಗ ನಗುವ ಕೆಟ್ಟ ಅಭ್ಯಾಸ ಅವನಿಗಿತ್ತು. ತಪ್ಪು ಮಾಡಿದವನನ್ನು ಅವನಿಗಿಂತ ಒಂದು ಮೆಟ್ಟಿಲು ಮೇಲಿರುವವನು ಸ್ವಂತ ಕೈಯಿಂದ ದಂಡಿಸಬೇಕು ಎಂಬುದು ನಿಯಮ.

ಬುದ್ಧನ ಕರುಣೆ ಎಂದರೆ, ಯಾರೂ ಯಾವ ಕಾರಣಕ್ಕೂ ಯಾವ ಜೀವಿಯನ್ನೂ ಕೊಲ್ಲಕೂಡದು. ಕೊಂದವನ ತಲೆ ತೆಗೆಯತಕ್ಕದ್ದು.

ಮಾರನೆಯ ದಿನವೇ ತೋರಿ ಎಂಬ ಮೀನುಗಾರನನ್ನು ಕಟ್ಟಿ ತಂದರು. ಡಂಗುರ ಅವನ ಊರು ಮುಟ್ಟುವ ಮೊದಲೇ ಪಾಪದವನು ಒಂದು ಮೀನು ಹಿಡಿದಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ರಾಜನಿಗೆ ಕನಿಕರವೇನೋ ಬಂತು, ಆದರೆ ಕಾನೂನಿಗೆ ಮುದ್ರೆ ಒತ್ತಿದವನೂ ಅವನೇ.

"ಇಸಾಹಿ, ಇವನಿಗೆ ಟೊಪ್ಪಿಯಿಲ್ಲ," ಎಂದ ಮಂತ್ರಿ. "ಇವನಿಗಿಂತ ಒಂದು ಮೆಟ್ಟಿಲು ಮೇಲಿರುವವನು ನೀನು. ಕತ್ತಿ ತಗೋ."

ಇಸಾಹಿ ತಗೊಂಡ. "ಆಗಲಿ ಮಂತ್ರಿಗಳೇ. ಉಳಿದವರಿಗೂ ಒಂದೊಂದು ಕತ್ತಿ ಕೊಡಿಸಿ."

"ಅವರಿಗೇಕೆ?"

"ನಾನು ಇವನನ್ನು ಕೊಂದರೆ ಒಂದು ಜೀವಿಯನ್ನು ಕೊಂದ ಹಾಗಾಯಿತು. ನನ್ನ ತಲೆಯನ್ನು ನ್ಯಾಯ ತೆಗೆಯಬೇಕು."

ನ್ಯಾಯದ ಟೊಪ್ಪಿಯವನು ಒಂದು ಹೆಜ್ಜೆ ಹಿಂದೆ ಸರಿದ.

"ಆಮೇಲೆ ನ್ಯಾಯವನ್ನು ಸತ್ಯ ಕೊಲ್ಲುತ್ತದೆ. ಸತ್ಯವನ್ನು ಮರ್ಯಾದೆ ಕೊಲ್ಲುತ್ತದೆ. ಮರ್ಯಾದೆಯನ್ನು ಕರುಣೆ ಕೊಲ್ಲುತ್ತದೆ."

"ನನಗೆ ಸೊಂಟನೋವು," ಎಂದ ಕರುಣೆಯ ಟೊಪ್ಪಿಯವನು.

"ಪರವಾಗಿಲ್ಲ, ಹೆಚ್ಚು ಹೊತ್ತು ಇರುವುದಿಲ್ಲ. ಕೂಡಲೇ ಧರ್ಮ ಬಂದು ನಿಮ್ಮ ಕತ್ತು ಕಡಿಯುತ್ತದೆ."

"ಅಲ್ಲಿಗೆ ಮುಗಿಯಿತಲ್ಲ?" ಹಿರೋಮಾರೊನ ದನಿ ಸಣ್ಣಗಾಗಿತ್ತು.

"ಎಲ್ಲಿ ಮುಗಿಯಿತು? ನೀವೂ ಕೊಂದಿರುತ್ತೀರಲ್ಲ. ನಿಮಗಿಂತ ಮೇಲಿರುವವರು ಪ್ರಭುಗಳು."

ಮಂತ್ರಿ ಮೆಲ್ಲಗೆ ಟೊಪ್ಪಿ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡ.

ರಾಜ ಸಿಂಹಾಸನದಲ್ಲಿ ಮುಂದಕ್ಕೆ ಸರಿದ. "ಹಾಗಾದರೆ ನನ್ನ ತಲೆ ತೆಗೆಯುವವರು ಯಾರಯ್ಯಾ?"

"ತಪ್ಪು ಮಾಡಿದ ರಾಜನನ್ನು ಆಕಾಶವೇ ಕೆಳಗಿಳಿಸುತ್ತದೆ ಎಂದು ಚೀನಾದ ಗ್ರಂಥದಲ್ಲಿದೆ, ಪ್ರಭು. ಮಂತ್ರಿಗಳೇ ಓದಿ ಹೇಳಿದ್ದರು."

"ಇದೆ," ಎಂದ ಮಂತ್ರಿ, ನೆಲ ನೋಡುತ್ತಾ.

"ಅಲ್ಲೇ ಒಂದು ತೊಡಕಿದೆ, ಪ್ರಭು. ಆಕಾಶಕ್ಕೆ ಟೊಪ್ಪಿಯಿಲ್ಲ. ಈ ತೋರಿಗೂ ಇಲ್ಲ. ಕಾನೂನಿನ ಪ್ರಕಾರ ಇಬ್ಬರದೂ ಒಂದೇ ದರ್ಜೆ. ಆಕಾಶಕ್ಕೆ ಪುರುಸೊತ್ತಿಲ್ಲದಿದ್ದರೆ ನಿಮ್ಮ ತಲೆ ತೆಗೆಯಲು ಇವನನ್ನೇ ಕರೆಸಬೇಕಾದೀತು. ಅಲ್ಲಿಯವರೆಗಾದರೂ ಇವನನ್ನು ಜೀವಂತ ಉಳಿಸಿಕೊಳ್ಳೋಣವೇ?"

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ತಾನೇ ಕೆಳಗಿಳಿದು ಬಂದು ತೋರಿಯ ಹಗ್ಗ ಬಿಚ್ಚಿದ; ತಲೆ ತೆಗೆಯುವ ಕಾನೂನನ್ನು ಅಲ್ಲೇ ಹರಿದುಹಾಕಿಸಿದ. ಆಮೇಲೆ ಮಂತ್ರಿಯ ಕೈಯಿಂದ ಧರ್ಮದ ಟೊಪ್ಪಿ ತೆಗೆದು ಇಸಾಹಿಯ ಕಡೆ ಚಾಚಿದ.

ಇಸಾಹಿ ಕೈ ಮುಗಿದ. "ನನಗೆ ತಿಳಿವಳಿಕೆಯದೇ ಇರಲಿ, ಪ್ರಭು. ಟೊಪ್ಪಿಯಿಲ್ಲದವರಿಗೆ ಹತ್ತಿರವಿರುವುದು ಇದೊಂದೇ."